ಅಳಗುಳಿ ಆ್ಯಪ್‌ಗೆ ಬಂದ ಮುಯ್ಯಿ

ಮೊದಲೇ ಹೇಳಿಬಿಡುತ್ತೇನೆ, ಕೂತಿರೋ ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ. ನಮ್ಮ ಗಂಗಾಲಕ್ಷ್ಮಿಯಂಥ ಹುಡುಗಿಯನ್ನು ನೀವು ಜನ್ಮದಲ್ಲಿ ನೋಡಿರಲಿಕ್ಕಿಲ್ಲ. ದೊಡ್ಡ ದೊಡ್ಡ ಕಂಪನಿಯವರು ಕೋಟು ಹಾಕಿಕೊಂಡು, ಏಸಿ ರೂಮಿನಲ್ಲಿ ಕೂತು, ತಲೆ ಕೆರೆದುಕೊಂಡರೂ ಆಗದ ಕೆಲಸವನ್ನು ಅವಳು ಒಂದೇ ಮಧ್ಯಾಹ್ನದಲ್ಲಿ, ಅದೂ ಊಟದ ಎಲೆ ಎತ್ತುವುದರೊಳಗೆ ಮಾಡಿ ಮುಗಿಸಿದಳು. ಅವಳ ಅಣ್ಣನ ಆ್ಯಪ್‌ನಲ್ಲಿ ಜನ ತಾವಾಗಿಯೇ ಮುಗಿಬಿದ್ದು ಜಾಹೀರಾತು ನೋಡಿದರು!

ಓದುವುದು? ಆರನೇ ಕ್ಲಾಸು. ಊರು? ಸೇಲಂ ದಾರಿಯಲ್ಲಿ ತೊಪ್ಪೂರು ಘಾಟ್ ಇಳಿದ ಮೇಲೆ ಸಿಗುವ ಒಂದು ಹಳ್ಳಿ. ಹಿನ್ನೆಲೆ ಸಂಗೀತ? ಅದನ್ನು ಅವಳೇ ಬಾಯಲ್ಲಿ ಹಾಕಿಕೊಳ್ಳುತ್ತಾಳೆ. ಡಂಡಡ ಡಂಡಡ ಡಂಯ್!

ಆದರೆ ಎಲ್ಲ ಹೀರೋಗಳಿಗೂ ಆಗುವ ಹಾಗೆ ಅವಳಿಗೂ ಮೊದಲ ಸೀನಿನಲ್ಲಿ ಏಟು ಬಿತ್ತು. ಕೊಟ್ಟವರು ಅಜ್ಜಿ.

“ಯಾವಳೇ ಇವಳು? ನನ್ ಕಾಯಿ ಎಲ್ಲಾ ಮರೆ ಮಾಡ್ಬಿಟ್ಳು!”

ಅಜ್ಜಿ ವೆಂಕಟಲಕ್ಷ್ಮಮ್ಮ ಜಗಲಿಯ ಮೇಲೆ ಕೂತು, ಫೋನನ್ನು ಕೈಯಳತೆ ದೂರದಲ್ಲಿ ಹಿಡಿದು ಬೈಯುತ್ತಿದ್ದರು. ಫೋನಿನ ತುಂಬ ಒಬ್ಬ ಹೆಂಗಸು ಬಿಳಿ ಶರ್ಟಿಗೆ ಸೋಪು ಉಜ್ಜಿ ಉಜ್ಜಿ ನಗುತ್ತಿದ್ದಳು.

“ಅಜ್ಜೀ, ಅದು ಆ್ಯಡು. ಒಂಚೂರು ತಡಿ, ಅದೇ ಓಗ್ತದೆ” ಎಂದಳು ಗಂಗಾಲಕ್ಷ್ಮಿ.

“ನಾನ್ಯಾಕೆ ತಡೀಲಿ? ಗೆದ್ದಿರೋ ಕಾಯಿ ಎತ್ಕೊಳ್ಳೋಕೆ ಬೆಳ್ಳು ಇಟ್ರೆ ಮದ್ಯಕ್ಕೆ ಬಂದು ಸೋಪು ಉಜ್ತಾವ್ಳೆ. ಲೇ ತಾಯಿ, ನಮ್ಮನೇಲೂ ಸೋಪೈತೆ, ಓಗೇ!” ಅಜ್ಜಿ ಬೆರಳೆತ್ತಿ ಆ ಹೆಂಗಸಿನ ಹಣೆಗೇ ಒತ್ತಲು ಹೋದರು.

“ಅಜ್ಜೀ, ಒತ್ತಬೇಡ! ಒತ್ತಬೇಡ!” ಒಳಗಿಂದ ಅಶ್ವತ್ಥ್ ಲುಂಗಿ ಎತ್ತಿಕೊಂಡು ಓಡಿ ಬಂದ. “ಮನೆಯೋರು ಆ್ಯಡ್ ಒತ್ತಬಾರದು. ಅದು ರೂಲ್ಸು.”

ಅಶ್ವತ್ಥ್ ಗಂಗಾಲಕ್ಷ್ಮಿಯ ಅಣ್ಣ. ಸೇಲಂನ ಒಂದು ಪಾಲಿಟೆಕ್ನಿಕ್‌ನಲ್ಲಿ ಕೊನೇ ವರ್ಷ. ದಿನಾ ಸಂಜೆ ಬಸ್ಸಿಳಿದು ಬಂದು, ಅಳಗುಳಿ ಮಣೆಯ ಆಟವನ್ನು ಫೋನಿಗೆ ಇಳಿಸಿದ್ದ. ಏಳು ಗುಳಿ ಈ ಕಡೆ, ಏಳು ಗುಳಿ ಆ ಕಡೆ, ಕಾಯಿಗೆ ಹುಣಸೆ ಬೀಜ. ಗೆದ್ದರೆ ಫೋನಿನೊಳಗಿಂದ ಅಜ್ಜಿಯ ದನಿಯೇ “ಬಂತು ನೋಡು ಬಂಗಾರ!” ಎನ್ನುತ್ತದೆ. ಸೋತರೆ “ಓಗ್ಲಿ ಬಿಡು, ಇನ್ನೊಂದಾಟ” ಎನ್ನುತ್ತದೆ. ಬೀಜ ಬೀಳುವ ಟಕಟಕ ಸದ್ದನ್ನು ರೆಕಾರ್ಡ್ ಮಾಡಿಕೊಟ್ಟವಳು ಗಂಗಾಲಕ್ಷ್ಮಿ. ಆದ್ದರಿಂದ ತಾನು ಆ ಆ್ಯಪ್‌ನ ಪಾರ್ಟ್ನರ್ ಎಂದು ಅವಳು ಇಡೀ ಸ್ಕೂಲಿಗೆ ಹೇಳಿಟ್ಟಿದ್ದಳು.

ಅಮ್ಮ ಮಾತ್ರ ಒಂದು ಕಂಡಿಷನ್ ಹಾಕಿದ್ದಳು. “ಪೊಂಗಲ್‌ವರೆಗೂ ನೋಡ್ತೀನಿ ಅಶ್ವತ್ಥ್. ಅದ್ರಿಂದ ಏನಾದ್ರೂ ಬರ್ತೈತೆ ಅಂದ್ರೆ ಸರಿ. ಇಲ್ಲಾಂದ್ರೆ ಸಾಯಂಕಾಲದ ಒತ್ತು ಪೆರುಮಾಳ್ ಮಾವನ ಅಂಗಡೀಲಿ ನಿಂತ್ಕೋ. ಫೋನ್ ಕುಟ್ಟಿದ್ದು ಸಾಕು.”

ಆಟ ಫ್ರೀ. ಏನಾದರೂ ಬರಬೇಕಾದರೆ ಜಾಹೀರಾತಿನಿಂದಲೇ ಬರಬೇಕು. ಮೊದಲು ಅಶ್ವತ್ಥ್ ಪರದೆಯ ಅಡಿಯಲ್ಲಿ ಒಂದು ಸಣ್ಣ ಪಟ್ಟಿ ಹಾಕಿದ್ದ. ಅದರ ಹೆಸರು ಬ್ಯಾನರ್. ಟೀ ಅಂಗಡಿ ಗೋಡೆಯ ಹಳೇ ಪೋಸ್ಟರ್ ಇದ್ದಂತೆ, ಅದು ತನ್ನ ಪಾಡಿಗೆ ಇತ್ತು, ಜನ ತಮ್ಮ ಪಾಡಿಗೆ ಇದ್ದರು. ಅದರಿಂದ ಹುಟ್ಟಿದ್ದು ಅಷ್ಟಕ್ಕಷ್ಟೇ.

ಆಗ ಗಂಗಾಲಕ್ಷ್ಮಿ ಎದ್ದು ನಿಂತು, ಇಲ್ಲದ ಕಾಲರ್ ಏರಿಸಿ ಡೈಲಾಗ್ ಹೊಡೆದಿದ್ದಳು. “ಅಣ್ಣಾ, ಈರೋ ಎಂಟ್ರಿ ಅಂದ್ರೆ ಸ್ಕ್ರೀನ್ ತುಂಬ ಬರಬೇಕು. ಕೆಳಗಡೆ ಪಟ್ಟೀಲಿ ಓಡ್ತಾ ಇದ್ರೆ ಅವನು ಈರೋನಾ, ನ್ಯೂಸಾ?”

ತಂಗಿಯ ಕಾಟ ತಡೆಯಲಾಗದೆ ಅಶ್ವತ್ಥ್ ಫುಲ್ ಸ್ಕ್ರೀನ್ ಜಾಹೀರಾತು ಹಾಕಿದ. ಕಾಯಿ ಗೆದ್ದಾಗಲೆಲ್ಲ ಅದು ಧಡಾರನೆ ಬಂದು ನಿಲ್ಲುತ್ತಿತ್ತು. ಅದರ ಫಲವೇ ಸೋಪಿನ ಹೆಂಗಸು.

ಅಜ್ಜಿ ಫೋನನ್ನು ಜಗಲಿಯ ಮೇಲಿಟ್ಟು, ಮೂಲೆಯಲ್ಲಿದ್ದ ಮರದ ಮಣೆ ಎಳೆದುಕೊಂಡರು. “ಇದ್ರಲ್ಲಿ ಯಾರೂ ಬಂದು ಸೋಪು ಮಾರಲ್ಲ” ಎಂದರು.

* * *

ಅಜ್ಜಿಯೊಬ್ಬರೇ ಆಗಿದ್ದರೆ ಗಂಗಾಲಕ್ಷ್ಮಿ ಬಿಡುತ್ತಿದ್ದಳು. ಆದರೆ ಮರುದಿನ ಸ್ಕೂಲಿನಲ್ಲಿ ಅವಳ ಕ್ಲಾಸಿನ ತಮಿಳ್‌ಸೆಲ್ವನ್ ಇಂಟರ್ವಲ್ ಬೆಲ್ ಹೊಡೆಯುವುದನ್ನೇ ಕಾಯುತ್ತಿದ್ದ.

“ಪೋ ಡೀ ಪಾರ್ಟ್ನರ್!” ಎಂದ. ಅವನಿಗೆ ಕನ್ನಡ ಬಾರದು, ಗಂಗಾಲಕ್ಷ್ಮಿಗೆ ತಮಿಳೂ ಬರುತ್ತದೆ. ಅವನು ತಮಿಳಿನಲ್ಲಿ ಉಗಿದದ್ದರ ಸಾರಾಂಶ ಇಷ್ಟು: ಆಟ ಒಂದು ಚೂರು, ಆ್ಯಡ್ ಹನ್ನೆರಡು ಚೂರು. ಬೀಜ ಒತ್ತಲು ಹೋದರೆ ಆ್ಯಡ್ ಮೇಲೆ ಬೆರಳು ಬಿದ್ದು, ಯಾವುದೋ ಚಪ್ಪಲಿ ಅಂಗಡಿಗೆ ಹೋಗಿ ಕೂತುಬಿಡುತ್ತದೆ. ಅವನ ಅಪ್ಪ ಬೈದು ಆ್ಯಪನ್ನೇ ಡಿಲೀಟ್ ಮಾಡಿಸಿದರು.

“ನಾನು ಮಾತ್ರ ಅಲ್ಲ. ನಮ್ಮ ಬೀದೀಲಿ ಎಲ್ಲಾರೂ ತೆಗೆದುಬಿಟ್ರು” ಎಂದು ತಮಿಳಿನಲ್ಲೇ ಸೇರಿಸಿದ.

ಆ ದಿನ ಗಂಗಾಲಕ್ಷ್ಮಿಗೆ ಯಾವ ಪಾಠವೂ ತಲೆಗೆ ಹತ್ತಲಿಲ್ಲ. ಬೆಂಚಿನ ಕೆಳಗೆ ಅವಳ ಕಾಲು ತಾನಾಗಿಯೇ ಕುಣಿಯುತ್ತಿತ್ತು. ಅದು ಅವಳ ಕಾಲಿನ ಹಳೇ ಬುದ್ಧಿ. ಏನಾದರೂ ಬೇಗ ಆಗಬೇಕು ಎನ್ನಿಸಿದರೆ ಸಾಕು, ಹೊಲಿಗೆ ಮೆಷಿನ್ನಿನ ಹಾಗೆ ಶುರುವಾಗುತ್ತದೆ. ಪಕ್ಕದ ಹುಡುಗಿ, “ಎಲ್ಲಾ ಅಲ್ಲಾಡ್ತೈತೆ, ನಿಲ್ಸೇ” ಎಂದಳು. ಕಾಲು ನಿಲ್ಲಲಿಲ್ಲ.

ಸಂಜೆ ಬಂದು ನೋಡಿದರೆ ಅಶ್ವತ್ಥ್ ಆಗಲೇ ಫುಲ್ ಸ್ಕ್ರೀನ್ ಕಿತ್ತುಹಾಕಿದ್ದ. ಲ್ಯಾಪ್‌ಟಾಪಿನ ಮುಂದೆ ಕೂತು ಹೊಸದೇನೋ ಜೋಡಿಸುತ್ತಿದ್ದ.

“ಬಾ ಗಂಗಿ. ಅಜ್ಜಿ ಸಂತೇಲಿ ತಕ್ಕಡಿ ಇಳಿದ ಮೇಲೆ ಏನು ಕೇಳ್ತದೆ?”

“ಕೊಸರು!” ಎಂದಳು ಅವಳು. ಅದೂ ಒಂದು ಪ್ರಶ್ನೆಯೇ? ಟೊಮೇಟೊ ತೂಗಿದ ಮೇಲೆ ಅಜ್ಜಿ ಚೀಲದ ಬಾಯಿ ಮುಚ್ಚುವುದೇ ಇಲ್ಲ. ಕೊಸರಿಗೆ ಎರಡು ಹಣ್ಣು ಮೇಲೆ ಬೀಳುವವರೆಗೂ ಹಿಡಿದುಕೊಂಡೇ ನಿಂತಿರುತ್ತಾರೆ.

“ಅಷ್ಟೇ ಕಣೇ ಇದು. ಆಡೋವಾಗ ಕಾಯಿ ಮುಗೀತು ಅನ್ಕೋ. ‘ಕೊಸರು ಬೇಕಾ?’ ಅಂತ ಒಂದು ಬಟನ್ ಬರ್ತದೆ. ಬೇಕು ಅಂದ್ರೆ ಮಾತ್ರ ಒಂದು ಆ್ಯಡ್ ನೋಡಬೇಕು. ನೋಡಿದ್ರೆ ಒಂದು ಇಡಿ ಬೀಜ ಸಿಗ್ತದೆ. ಬೇಡ ಅಂದ್ರೆ ಬೇಡ. ಯಾರ ಮುಖದ ಮೇಲೂ ಬೀಳಲ್ಲ. ಇದಕ್ಕೆ ರಿವಾರ್ಡ್ ಆ್ಯಡ್ ಅಂತಾರೆ.”

ಗಂಗಾಲಕ್ಷ್ಮಿ ಬಾಯಿ ಸೊಟ್ಟ ಮಾಡಿದಳು. “ಬೇಡ ಅನ್ನೋ ಬಟನ್ ಕೊಟ್ರೆ ಎಲ್ಲಾರೂ ಬೇಡ ಅಂತಾರಣ್ಣ! ವಿಲನ್ ಕೈಗೆ ನಾವೇ ಕತ್ತಿ ಕೊಟ್ಟಂಗೆ.”

“ಆಡೋರು ವಿಲನ್ ಅಲ್ಲ ಗಂಗಿ. ಕೇಳೋರು ಕೇಳ್ತಾರೆ. ವೆಯಿಟ್ ಮಾಡಣ.”

ವೆಯಿಟ್! ಆ ಪದ ಕೇಳಿದರೆ ಅವಳ ಮೈಯೆಲ್ಲ ತುರಿಸುತ್ತದೆ. ಅಣ್ಣನ ಲ್ಯಾಪ್‌ಟಾಪಿನಲ್ಲಿ ಒಂದು ಗ್ರಾಫ್ ಇತ್ತು. ಯಾರಾದರೂ ಕೊಸರು ಕೇಳಿ ಜಾಹೀರಾತು ನೋಡಿದರೆ ಗೆರೆ ಮೇಲೇಳುತ್ತದೆ. ಸ್ಕೂಲಿಗೆ ಹೋಗುವ ಮುಂಚೆ ನೋಡಿದಳು, ಗೆರೆ ಮಲಗಿತ್ತು. ಬಂದ ಮೇಲೆ ನೋಡಿದಳು, ಹೊರಳಿ ಮಲಗಿತ್ತು. ಹಲ್ಲುಜ್ಜುತ್ತಾ ನೋಡಿದಳು, ಅನ್ನ ತಿನ್ನುತ್ತಾ ನೋಡಿದಳು. ಗೆರೆ ಕುಂಭಕರ್ಣನ ತಮ್ಮ.

“ಗಂಗೀ, ನೀನು ನೋಡ್ತಾ ಕೂತ್ರೆ ಅದಕ್ಕೂ ನಾಚ್ಕೆ ಆಗ್ತದೆ. ಓಗಿ ಮಾವನಿಗೆ ಬೆಡ್‌ಶೀಟ್ ಮಡಚ್ಕೊಡು” ಎಂದು ಅಮ್ಮ ಓಡಿಸಿದಳು.

* * *

ಪೆರುಮಾಳ್ ಮಾವ ಅಮ್ಮನ ತಮ್ಮ. ಹೈವೇ ಪಕ್ಕ ಹಗ್ಗ ಕಟ್ಟಿ, ಬಣ್ಣಬಣ್ಣದ ಬೆಡ್‌ಶೀಟು ನೇತುಹಾಕಿ ಮಾರುತ್ತಾನೆ. ಗಂಗಾಲಕ್ಷ್ಮಿ ಹೋದಾಗ ಒಂದು ಟೂರಿಸ್ಟ್ ಬಸ್ಸು ಬಂದು ನಿಂತಿತ್ತು.

ಬಸ್ಸಿನ ತುಂಬ ಜನ ಇಳಿದರು. ಅದು ತೋರಿಸಿ, ಇದು ಬಿಚ್ಚಿ, ಅದರ ಕೆಳಗಿನದು ತೆಗೆಯಿರಿ ಎಂದರು. ಒಬ್ಬ ನವಿಲಿನ ಚಿತ್ರದ ಶೀಟನ್ನು ಬೆನ್ನಿಗೆ ಹೊದ್ದು, ರಾಜನ ಹಾಗೆ ನಿಂತು ಸೆಲ್ಫಿ ತೆಗೆದುಕೊಂಡ. ಮಾವ ನಗುನಗುತ್ತಾ ಕಟ್ಟು ಬಿಚ್ಚಿದ್ದೇ ಬಿಚ್ಚಿದ್ದು. ಹಾರ್ನ್ ಹೊಡೆಯಿತು. ಎಲ್ಲರೂ ಹತ್ತಿಕೊಂಡರು. ಬಸ್ಸು ಹೋಯಿತು.

ಒಂದೂ ಮಾರಾಟವಾಗಿರಲಿಲ್ಲ.

ಮಾವನ ನಗು ಬಸ್ಸಿನ ಜೊತೆಯೇ ಹೋಗಿತ್ತು. ನೆಲದ ತುಂಬ ಬಿದ್ದ ಶೀಟುಗಳ ಧೂಳು ಕೊಡವುತ್ತಾ, “ಇಡಿ ಆ ತುದೀನ” ಎಂದ. ಇಬ್ಬರೂ ಕತ್ತಲಾಗುವವರೆಗೆ ಮಡಚಿದರು.

“ಬೇಜಾರಾಗಲ್ವಾ ಮಾವ?”

“ಕೊಳ್ಳೋಕೆ ಬಂದೋನು ಬೇಡ ಅಂತ ಓದ್ರೆ ಬೇಜಾರಿಲ್ಲಮ್ಮ. ಸುಮ್ನೆ ಬಿಚ್ಚಿಸೋಕೆ ಬರ್ತಾರಲ್ಲ…” ಮಾವ ಶೀಟನ್ನು ಪಟಪಟ ಕೊಡವಿದ. ಆಮೇಲೆ ನೆನಪಾದವನಂತೆ ಮುಖ ಅರಳಿಸಿದ. “ಬರೋ ಬಾನುವಾರ ನಮ್ಮ ಪಾಪೂದು ಕಿವಿ ಚುಚ್ಚೋ ಫಂಕ್ಷನ್. ಕಡಯಂಪಟ್ಟಿ ಮಂಟಪದಲ್ಲಿ. ನೀನು ಬಂದು ಡ್ಯಾನ್ಸ್ ಆಡಬೇಕು, ಆಂ?”

* * *

ಭಾನುವಾರ. ಕಡಯಂಪಟ್ಟಿ ಮಂಟಪ. ಪಾಪು ಕಿವಿ ಚುಚ್ಚಿಸಿಕೊಂಡು ಕಿರುಚಿ ಕಿರುಚಿ ನಿದ್ದೆ ಹೋಗಿತ್ತು. ಜನ ಮುಯ್ಯಿ ಮಾಡಲು ಸಾಲು ನಿಂತಿದ್ದರು.

ಮುಯ್ಯಿಗೆ ನಮ್ಮ ಕಡೆ ಮೊಯ್ ಎನ್ನುತ್ತಾರೆ. ಇವತ್ತು ನಿಮ್ಮ ಮನೆ ಫಂಕ್ಷನ್ನಿಗೆ ನಾನು ಮಾಡುತ್ತೇನೆ, ನಾಳೆ ನಮ್ಮ ಮನೆಯದಕ್ಕೆ ನೀವು ಮಾಡಬೇಕು. ಯಾರೂ ಮರೆಯುವುದಿಲ್ಲ. ಯಾರೂ ಕಮ್ಮಿ ಮಾಡುವುದಿಲ್ಲ. ಮಾರಿಯಪ್ಪ ಎಂಬ ದಪ್ಪ ಮೀಸೆಯವರು ಮೈಕ್ ಹಿಡಿದು ಗುಡುಗುತ್ತಿದ್ದರು. “ಪಾಲಮಲೆ ಅಪ್ಪಯ್ಯನವರು, ಒಂದು ಇತ್ತಾಳೆ ಕೊಡ!” ಆ ಗುಡುಗು ಕೇಳಿ ಹಿಂದೆ ನಿಂತವರು ಪಂಚೆ ಸರಿಮಾಡಿಕೊಂಡು ಮುಂದೆ ಬರುತ್ತಿದ್ದರು.

ಗಂಗಾಲಕ್ಷ್ಮಿ ಕುರ್ಚಿಯ ಮೇಲೆ ಕೂತು ಆ ಸಾಲನ್ನೇ ನೋಡುತ್ತಿದ್ದಳು. ಕಾಲು ಕುಣಿಯತೊಡಗಿತು. ಎಷ್ಟು ಜನ! ಎಲ್ಲರ ಜೇಬಿನಲ್ಲೂ ಫೋನು! ಗೆರೆ ಮಲಗಿದೆ. ಪೊಂಗಲ್ ಬರುತ್ತಿದೆ.

ಮನೆಯವರು ಒತ್ತಬಾರದು, ಸರಿ. ಆದರೆ ಇವರು ಮನೆಯವರಲ್ಲವಲ್ಲ. ನಂಟರು!

ಡಂಡಡ ಡಂಡಡ ಡಂಯ್.

ಮಾರಿಯಪ್ಪ ನೀರು ಕುಡಿಯಲು ಮೈಕ್ ಇಟ್ಟದ್ದೇ ತಡ, ಅವಳು ಎತ್ತಿಕೊಂಡಳು.

“ಎಲ್ಲಾರಿಗೂ ವಣಕ್ಕಂ! ನಾನು ಪೆರುಮಾಳ್ ಮಾವನ ಅಕ್ಕನ ಮಗಳು ಗಂಗಾಲಕ್ಷ್ಮಿ. ಪಾಪೂಗೆ ಮೊಯ್ ಮಾಡಿದ್ರಿ, ಸಂತೋಸ. ನಮ್ಮಣ್ಣ ಅಶ್ವತ್ಥ್ ಪಾಪು ತರ ಒಂದು ಆ್ಯಪ್ ಎತ್ತವ್ನೆ. ಅದಕ್ಕೂ ಒಂದು ಮೊಯ್ ಬೇಕು! ದುಡ್ಡು ಬೇಡ, ಕಾಸು ಬೇಡ. ಆ್ಯಪ್ ಇಳಿಸ್ಕೊಂಡು ಕೊಸರು ಬಟನ್ ಒತ್ತಿ, ಆ್ಯಡ್ ಬಂದ್ರೆ ಅದನ್ನೂ ಒತ್ತಿ. ಕೈ ನೋಯೋವರ್ಗೂ ಒತ್ತಿ! ಒಬ್ಬೊಬ್ರು ಒತ್ತಿದ್ರೆ ಅದು ಆ್ಯಡು, ಊರೇ ಒತ್ತಿದ್ರೆ ಅದು ಮಾಸು!”

ಮಂಟಪದಲ್ಲಿ ಶಿಳ್ಳೆ ಬಿತ್ತು.

ಆಮೇಲೆ ನಡೆದದ್ದು ನೋಡಬೇಕಿತ್ತು. ಪಾಲಮಲೆ ಅಪ್ಪಯ್ಯನವರು ಕನ್ನಡಕ ಹಣೆಗೇರಿಸಿ, ಭತ್ತ ಕುಟ್ಟುವ ಹಾಗೆ ಹೆಬ್ಬೆರಳಿನಿಂದ ಫೋನ್ ಕುಟ್ಟಿದರು. ಆಟದ ಕಡೆ ಒಬ್ಬರೂ ನೋಡಲಿಲ್ಲ. “ನಾನು ನಾಲ್ಕು ಒತ್ತಿದೀನಮ್ಮ, ನಿಮ್ಮಣ್ಣಂಗೆ ತಿಳಿಸು!” “ಅವನು ನಾಲ್ಕಾ? ನಂದು ಏಳು ಅಂತ ಬರ್ಕೋ. ನಿಮ್ಮಜ್ಜಿ ನಮ್ಮ ಮದುವೇಲಿ ಕೊಪ್ಪರಿಗೆ ಕೊಟ್ಟಿತ್ತು!” ರಾಮಕ್ಕ ಎಂಬ ದೊಡ್ಡಮ್ಮನ ಫೋನಿನಲ್ಲಿ ಟ್ರ್ಯಾಕ್ಟರ್ ಬಂತು, ಕುಕ್ಕರ್ ಬಂತು, ಬೆಳ್ಳಿ ಗೆಜ್ಜೆಯ ಅಂಗಡಿ ಬಂತು. ಅವರು ಒಂದನ್ನೂ ಬಿಡದೆ ಎಲ್ಲಕ್ಕೂ ಮರ್ಯಾದೆಯಿಂದ ಒತ್ತಿದರು.

ಅಶ್ವತ್ಥ್? ಅವನು ಕೆಳಗಡೆ ಊಟದ ಹಾಲಿನಲ್ಲಿ ಸಾಂಬಾರ್ ಬಕೆಟ್ ಹಿಡಿದು ಓಡಾಡುತ್ತಿದ್ದ. ಪಕ್ಕದಲ್ಲೇ ಜನರೇಟರ್ ಗಡಗಡ ಅನ್ನುತ್ತಿತ್ತು. ಮೇಲಿನ ಒಂದು ಮಾತೂ ಅವನಿಗಾಗಲಿ, ಅಲ್ಲೇ ಎಲೆ ಹಾಕುತ್ತಿದ್ದ ಅಮ್ಮನಿಗಾಗಲಿ ಕೇಳಿಸಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಅಪ್ಪಯ್ಯನವರು ಹಿಂದಿನ ಸೀಟಿನಿಂದ ಬಗ್ಗಿದರು. “ಲೇ ಅಶ್ವತ್ಥ್, ನಿಂಗೆ ನಾನು ಇವತ್ತು…”

“ಅಣ್ಣಾ, ಅಲ್ನೋಡು ನವಿಲು!” ಎಂದು ಗಂಗಾಲಕ್ಷ್ಮಿ ಕಿರುಚಿದಳು. ನವಿಲು ಇರಲಿಲ್ಲ. ಲಾರಿ ಇತ್ತು.

* * *

ಆ ಸಂಜೆ ಲ್ಯಾಪ್‌ಟಾಪ್ ತೆರೆದ ಅಶ್ವತ್ಥ್ ಕುರ್ಚಿಯಿಂದ ಎದ್ದೇಬಿಟ್ಟ. ಗೆರೆ ಎದ್ದಿತ್ತು. ಎದ್ದು ತೊಪ್ಪೂರು ಘಾಟ್ ಹತ್ತಿ ನಿಂತಿತ್ತು.

“ಅಮ್ಮಾ! ಬಾ ಇಲ್ಲಿ! ಕೇಳ್ತಾವ್ರೆ ಅಮ್ಮಾ, ಜನ ತಾವೇ ಕೊಸರು ಕೇಳ್ತಾವ್ರೆ!”

ಅಮ್ಮ ಕೈ ಒರೆಸಿಕೊಂಡು ಬಂದು ನೋಡಿದಳು. ಅವಳಿಗೆ ಗ್ರಾಫ್ ಅರ್ಥವಾಗಲಿಲ್ಲ. ಮಗನ ಮುಖ ಅರ್ಥವಾಯಿತು. “ಪರವಾಗಿಲ್ವೇ! ಸರಿ ಕಣಪ್ಪ, ನೀನು ಇದ್ನೇ ಮಾಡು. ಮಾವಂಗೆ ನಾನು ಏಳ್ತೀನಿ.”

ಅಶ್ವತ್ಥ್ ತಂಗಿಯ ಜಡೆ ಎಳೆದ. “ನೋಡಿದ್ಯಾ ಗಂಗಿ? ಮುಖದ ಮೇಲೆ ಬಿದ್ರೆ ಓಡ್ತಾರೆ, ಕಾದ್ರೆ ಬರ್ತಾರೆ. ನಾಳೆ ಕಾಲೇಜಲ್ಲಿ ತೋರಿಸ್ತೀನಿ. ಆ್ಯಪ್ ಓಪನ್ ಮಾಡಿದ್ರೆ ನಿನ್ನ ಎಸರೂ ಬರಂಗೆ ಆಕ್ತೀನಿ.”

ಇದೇ ತಾನೇ ಅವಳಿಗೆ ಬೇಕಾಗಿದ್ದದ್ದು? ಅವಳು ನಕ್ಕಳು. ಆದರೆ ಬಾಯಲ್ಲಿ ಸಂಗೀತ ಬರಲಿಲ್ಲ. ಎಲ್ಲಾ ಗೆದ್ದ ಮೇಲೆ ನಿಲ್ಲಬೇಕಾಗಿದ್ದ ಕಾಲು, ಚಾಪೆಯ ಮೇಲೆ ಮಲಗಿದಾಗಲೂ ಕುಣಿಯುತ್ತಲೇ ಇತ್ತು. ಪಕ್ಕದಲ್ಲಿ ಮಲಗಿದ್ದ ಅಜ್ಜಿ ಆ ಕಾಲಿನ ಮೇಲೆ ಕೈಯಿಟ್ಟರು.

ಬುಧವಾರ ಅಶ್ವತ್ಥ್ ಕಾಲೇಜಿನಿಂದ ಬಂದವನು ಚಪ್ಪಲಿಯನ್ನೂ ಬಿಡದೆ ಒಳಗೆ ಹೋದ. ಗಂಗಾಲಕ್ಷ್ಮಿ ಹಿಂದೆಯೇ ಹೋದಳು.

“ಏನಣ್ಣ?”

“ಆ್ಯಡ್ ನಿಲ್ಲಿಸ್ಬಿಟ್ಟವ್ರೆ. ಮೆಯಿಲ್ ಬಂದೈತೆ. ನಮ್ಮ ಆ್ಯಪಲ್ಲಿ ಒತ್ತಿರೋದು ನಿಜವಾದ ಒತ್ತು ಅಲ್ವಂತೆ.”

“ಅಂಗಂದ್ರೆ?”

“ನೋಡೋಕೆ ಒತ್ತಿಲ್ಲ, ಸುಮ್ನೆ ಒತ್ತವ್ರೆ ಅಂತ. ಕಾಸು ಕೊಡಲ್ಲ. ಆ್ಯಡೂ ಬರಲ್ಲ. ಇನ್ನೊಂದ್ಸಲ ಆದ್ರೆ ಅಕೌಂಟೇ ಓಗ್ತದೆ.” ಅವನು ಕುರ್ಚಿಯ ಮೇಲೆ ಕುಸಿದ. “ನಾನೇ ಎಲ್ಲೋ ತಪ್ಪು ಮಾಡಿದೀನಿ. ಆ ಕೊಸರು ಬಟನ್ನೇ ಸರಿ ಇಲ್ಲ. ಒಂದ್ಸಲ ಒತ್ತಿದ್ರೆ ಅತ್ತು ಸಲ ಓಗ್ತೈತೋ ಏನೋ. ಅದನ್ನ ತೆಗೆದಾಕ್ಬಿಡ್ತೀನಿ.”

ಅವನು ತಾನು ಬರೆದದ್ದನ್ನೆಲ್ಲ ಮತ್ತೆ ಮೊದಲಿನಿಂದ ನೋಡತೊಡಗಿದ. ಇಲ್ಲದ ತಪ್ಪನ್ನು ಹುಡುಕುವವನ ಮುಖ ಹೇಗಿರುತ್ತದೆ ಎಂದು ಗಂಗಾಲಕ್ಷ್ಮಿ ಅವತ್ತು ನೋಡಿದಳು. ಅವನು ಕಣ್ಣುಜ್ಜುತ್ತಿದ್ದ. ಒಂದು ಸಾಲು ಓದುತ್ತಿದ್ದ. ಮತ್ತೆ ಕಣ್ಣುಜ್ಜುತ್ತಿದ್ದ.

ಅವಳು ಜಗಲಿಗೆ ಓಡಿ ಬಂದಳು. ಅಜ್ಜಿ ಮರದ ಮಣೆಯ ಮುಂದೆ ಒಬ್ಬರೇ ಆಡುತ್ತಿದ್ದರು, ಎರಡೂ ಕಡೆಗೂ ತಾವೇ.

“ಮೈಕಲ್ಲಿ ಏಳಿದ್ದು ನಂಗೂ ಕೇಳ್ತು ಕಣೇ” ಎಂದರು ಅಜ್ಜಿ, ಬೀಜ ಹಾಕುತ್ತಲೇ. “ಎಲ್ಲಾರೂ ಒತ್ತಿದ್ರು. ರಾಮಕ್ಕ ನನ್ನ ಕೈಗೂ ಪೋನ್ ಕೊಟ್ಳು. ನಾನು ಒತ್ತಲಿಲ್ಲ. ಮನೆಯೋಳಲ್ವಾ ನಾನು.”

ಅಷ್ಟೇ. ಅಜ್ಜಿ ಮುಂದಿನ ಗುಳಿಗೆ ಕೈ ಹಾಕಿದರು.

ಗಂಗಾಲಕ್ಷ್ಮಿ ಬಾಗಿಲ ಹಿಂದೆ ನಿಂತು ತಯಾರಿ ಮಾಡಿಕೊಂಡಳು. ಸಿನಿಮಾದಲ್ಲಾದರೆ ಇಂಥ ಸೀನಿಗೆ ಮಳೆ ಬರುತ್ತದೆ. ಹೀರೋ ಮಂಡಿಯೂರುತ್ತಾನೆ. ‘ಅಣ್ಣಾ, ಈ ಪಾಪಿಯನ್ನು ಕ್ಷಮಿಸು’ ಎಂದು ಶುರು ಮಾಡಬೇಕು, ಆಮೇಲೆ ದನಿ ಒಡೆಯಬೇಕು. ಎಲ್ಲಾ ಸರಿಯಾಗಿ ಜೋಡಿಸಿಕೊಂಡು ಒಳಗೆ ಹೋದಳು.

“ಅಣ್ಣ, ಅದು ಮೊಯ್” ಎಂದಳು.

“ಏನು?”

“ಫಂಕ್ಷನ್ನಲ್ಲಿ ನಾನೇ ಒತ್ತಿಸ್ದೆ. ಮೈಕಲ್ಲಿ ಏಳಿ. ಬಟನ್ ಸರಿಯಾಗೈತೆ. ತೆಗೀಬೇಡ.”

ಅಶ್ವತ್ಥ್ ಅವಳನ್ನೇ ನೋಡಿದ. ಬೈಯುತ್ತಾನೆ ಅಂದುಕೊಂಡಳು. ಒಂದು ಏಟು ಬಿದ್ದರೂ ಸರಿ ಅಂದುಕೊಂಡಳು.

“ಯಾರ್ಯಾರು?”

“ಮಂಟಪ ಪೂರ್ತಿ.”

ಅವನು ಲ್ಯಾಪ್‌ಟಾಪ್ ಮುಚ್ಚಿದ. ಆಮೇಲೆ ಮೆಲ್ಲಗೆ ಹೇಳಿದ, “ನಾನು ಅಮ್ಮಂಗೆ ಏಳ್ಬಿಟ್ಟಿದೀನಲ್ಲ ಗಂಗಿ. ಜನ ತಾವೇ ಕೇಳ್ತಾವ್ರೆ ಅಂತ. ಸರ್‌ಗೂ ತೋರಿಸ್ಬಿಟ್ಟೆ.”

“ಒಳ್ಳೇದಾಗ್ಲಿ ಅಂತ್ಲೇ ಮಾಡಿದ್ದು. ಮನೆಯೋರು ಒತ್ತಬಾರದು ಅಂತ ನೀನಂದೆ. ಅವರು ನಂಟರಲ್ವಾ?”

“ಈಗ ಒಂದು ಕುಕ್ಕರ್ ಆ್ಯಡ್ ಬರ್ತದೆ ಅನ್ಕೋ, ಅದನ್ನ ಆಕೋಕೆ ಯಾರೋ ಒಬ್ಬ ಅಂಗಡಿಯೋನು ಕಾಸು ಕಟ್ಟಿರ್ತಾನೆ ಗಂಗಿ. ಒಬ್ಬ ಒತ್ತಿದ್ರೆ, ಒಬ್ಬ ಅಂಗಡಿಗೆ ಬಂದ ಅನ್ಕೊತಾನೆ.”

ಅವನು ಅಷ್ಟೇ ಹೇಳಿ ಅಮ್ಮನನ್ನು ಹುಡುಕಿಕೊಂಡು ಅಡಿಗೆಮನೆಗೆ ಹೋದ. ಗಂಗಾಲಕ್ಷ್ಮಿ ಅಲ್ಲೇ ನಿಂತಳು. ಅವಳ ಕಣ್ಣ ಮುಂದೆ ಕುಕ್ಕರ್ ಅಂಗಡಿ ಬರಲಿಲ್ಲ. ಹೈವೇ ಪಕ್ಕದ ಧೂಳು ಬಂತು. ನೆಲದ ತುಂಬ ಬಿದ್ದ ಬೆಡ್‌ಶೀಟು ಬಂತು. ನವಿಲಿನ ಶೀಟು ಹೊದ್ದು ನಿಂತ ರಾಜ ಬಂದ. ಅವನ ಮುಖ ನೋಡಿದರೆ ತನ್ನ ಹಾಗೇ ಇತ್ತು.

* * *

ಅಮ್ಮ ಕೂಗಾಡಲಿಲ್ಲ. ಆದರೆ ಮಾತು ಮಾತೇ. ಪೊಂಗಲ್ ಬಂತು, ಹೋಯಿತು. ಅಶ್ವತ್ಥ್ ಸಾಯಂಕಾಲ ಮಾವನ ಅಂಗಡಿಯಲ್ಲಿ ನಿಲ್ಲತೊಡಗಿದ. ಅವನ ಹಿಂದೆಯೇ, ಯಾರೂ ಕರೆಯದಿದ್ದರೂ, ಗಂಗಾಲಕ್ಷ್ಮಿಯೂ ಹೋದಳು.

ಅದಕ್ಕೂ ಮುಂಚೆ ಇಬ್ಬರೂ ಕೂತು ಜಾಹೀರಾತು ಕಂಪನಿಗೆ ನಡೆದದ್ದನ್ನು ನಡೆದ ಹಾಗೇ ಬರೆದು ಕಳಿಸಿದ್ದರು. ಮೊಯ್‌ಗೆ ಇಂಗ್ಲಿಷಿನಲ್ಲಿ ಏನನ್ನಬೇಕು ಎಂದು ಅಶ್ವತ್ಥ್ ಪೆನ್ನು ಕಚ್ಚಿದ್ದ. ಕೊನೆಗೆ ‘ನಮ್ಮ ನಂಟರಿಗೆ ನಮ್ಮ ಮೇಲೆ ತುಂಬ ಪ್ರೀತಿ’ ಎಂದು ಬರೆದ.

ಆ ಪ್ರೀತಿಯನ್ನು ನಿಲ್ಲಿಸುವ ಕೆಲಸ ಗಂಗಾಲಕ್ಷ್ಮಿಯದು. ಅಮ್ಮನ ಫೋನು ಹಿಡಿದು ಮಂಟಪಕ್ಕೆ ಬಂದಿದ್ದ ಒಬ್ಬೊಬ್ಬರಿಗೂ ಕಾಲ್ ಮಾಡಿದಳು.

“ದೊಡ್ಡಮ್ಮ, ಇನ್ಮೇಲೆ ಒತ್ತಬೇಡಿ.”

“ಯಾಕಮ್ಮ? ನಾನು ಒತ್ತಿದ್ದು ಕಮ್ಮಿ ಆಯ್ತಾ?” ರಾಮಕ್ಕನಿಗೆ ಅಳುವೇ ಬಂತು.

ಅಪ್ಪಯ್ಯನವರಿಗೆ ಸಿಟ್ಟೇ ಬಂತು. “ಕೊಟ್ಟಿದ್ ಮೊಯ್ ವಾಪಸ್ ಕೊಡ್ತಾಳಂತೆ ಚೋಟುದ್ದ ಉಡುಗಿ! ನಮ್ಮ ಕಾಲದಲ್ಲಿ ಇಂತದ್ದು ಕಂಡಿಲ್ಲ!”

“ಬೇಕಾದ್ರೆ ಆಡಿ ತಾತ. ಆಡೋಕೆ ಚೆನ್ನಾಗೈತೆ. ನಮಗೋಸ್ಕರ ಮಾತ್ರ ಒತ್ತಬೇಡಿ.”

“ಆಡೋದಾ?” ಅಪ್ಪಯ್ಯನವರ ದನಿ ಇಳಿಯಿತು. “ಅದ್ರಲ್ಲಿ ಆಟ ಬೇರೆ ಐತಾ?”

ಪೊಂಗಲ್ ಆದ ಮುಂದಿನ ತಿಂಗಳು, ಮಾಸಿಯ ಬಿಸಿಲು ಶುರುವಾಗುವ ಹೊತ್ತಿಗೆ ಕಂಪನಿಯವರು ಜಾಹೀರಾತು ಮತ್ತೆ ಬಿಟ್ಟರು. ಗೆರೆ ಮಲಗಿಕೊಂಡೇ ಇತ್ತು. ಗಂಗಾಲಕ್ಷ್ಮಿ ಈಗ ದಿನಕ್ಕೆ ಒಂದೇ ಸಲ ನೋಡುತ್ತಿದ್ದಳು, ಅಂಗಡಿ ಮುಚ್ಚುವಾಗ, ಅಣ್ಣನ ಫೋನಿನಲ್ಲಿ. ಸೊನ್ನೆ. ಮಾರನೇ ದಿನ ಸೊನ್ನೆ. ಅದರ ಮಾರನೇ ದಿನವೂ ಅದೇ ದುಂಡಗಿನ ಸೊನ್ನೆ.

ಒಂದು ಸಂಜೆ ಮಾವ ಟೀ ತರಲು ಹೋಗಿದ್ದ. ಅವಳು ಫೋನ್ ತೆಗೆದು ನೋಡಿದಳು. ಸೊನ್ನೆ ಇರಲಿಲ್ಲ.

ಒಂದು ಇತ್ತು.

“ಅಣ್ಣ” ಎಂದು ಫೋನ್ ತೋರಿಸಿ, ತಾನೇ ಮತ್ತೆ ನೋಡಿದಳು. “ಯಾರು?”

“ಅದೆಲ್ಲ ಗೊತ್ತಾಗಲ್ಲ ಗಂಗಿ. ಆಡ್ತಾ ಇದ್ರು. ಕಾಯಿ ಮುಗೀತು. ಕೊಸರು ಕೇಳಿದ್ರು. ಅಷ್ಟೇ.”

“ನಂಟರಲ್ಲ ತಾನೇ?”

“ನೀನೇ ಎಲ್ಲಾರ ಅತ್ರಾನೂ ಬೈಸ್ಕೊಂಡ್ಯಲ್ಲ!” ಅಶ್ವತ್ಥ್ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ.

ಸರಿ, ಶುರುವಿನಲ್ಲಿ ಕೊಟ್ಟ ಬಿಲ್ಡಪ್ ನಿಮಗೆ ನೆನಪಿರಬಹುದು. ಜನ ತಾವಾಗಿಯೇ ಮುಗಿಬಿದ್ದರು ಎಂದದ್ದು. ಅದು ಪುಳುಗು, ಬರೀ ಬುರುಡೆ. ಮುಗಿಬಿದ್ದವರು ನಂಟರು, ಬಿದ್ದದ್ದು ಮುಯ್ಯಿಗೆ. ತಾವಾಗಿ ಬಂದವರು ಇಷ್ಟೇ, ಒಬ್ಬರು. ಘಾಟ್ ಹತ್ತುವ ಯಾವುದೋ ಬಸ್ಸಿನ ಕಿಟಕಿ ಪಕ್ಕ ಕೂತಿದ್ದರೋ, ಯಾವುದೋ ಮನೆಯ ಜಗಲಿಯ ಮೇಲಿದ್ದರೋ. ಅವರಿಗೆ ಗಂಗಾಲಕ್ಷ್ಮಿ ಯಾರು ಅಂತ ಗೊತ್ತಿಲ್ಲ. ಒಂದು ಹಿಡಿ ಹುಣಸೆ ಬೀಜ ಬೇಕಾಗಿತ್ತು, ಕೇಳಿದರು.

ಅವಳು ಕಿರುಚಲಿಲ್ಲ. ಬಾಯಲ್ಲಿ ಸಂಗೀತವನ್ನೂ ಹಾಕಲಿಲ್ಲ. ಫೋನನ್ನು ಅಣ್ಣನಿಗೆ ಕೊಟ್ಟು, ನವಿಲಿನ ಬೆಡ್‌ಶೀಟಿನ ಎರಡು ತುದಿ ಹಿಡಿದು ನಿಂತಳು. ಅಶ್ವತ್ಥ್ ಇನ್ನೂ ಆ ಒಂದನ್ನೇ ನೋಡುತ್ತಿದ್ದ. ಅವನು ನೋಡಿ ಮುಗಿಸಿ ಆಚೆ ತುದಿ ಹಿಡಿಯಲಿ ಎಂದು ಅವಳು ಕಾದಳು.